ಒಂದೇ ಕೋಷ್ಟಕ ಸಾಲದೇ?

ಪ್ರಶ್ನೆ: ಡೇಟಾಬೇಸ್‌ನಲ್ಲಿ ಎಲ್ಲ ಮಾಹಿತಿಯನ್ನೂ ಒಂದೇ ಕೋಷ್ಟಕದಲ್ಲಿ ಇಡದೆ ಹಲವು ಕೋಷ್ಟಕಗಳಾಗಿ ಒಡೆಯುವುದೇಕೆ?

ಉತ್ತರ: ಗ್ರಂಥಾಲಯವೊಂದರ ಎರವಲು ದಾಖಲೆಯನ್ನೇ ನೋಡಿ. ಪ್ರತಿ ಸಾಲಿನಲ್ಲೂ ಸದಸ್ಯ ಸಂಖ್ಯೆ, ಸದಸ್ಯರ ಹೆಸರು, ಫೋನ್ ಸಂಖ್ಯೆ, ಪುಸ್ತಕ ಸಂಖ್ಯೆ, ಪುಸ್ತಕ, ಪ್ರಕಾಶಕರು, ಪ್ರಕಾಶಕರ ಊರು, ಒಯ್ದ ದಿನಾಂಕ. ಐವತ್ತು ಪುಸ್ತಕ ಒಯ್ದವರ ಫೋನ್ ಸಂಖ್ಯೆ ಬದಲಾದರೆ ಐವತ್ತು ಸಾಲುಗಳನ್ನೂ ತಿದ್ದಬೇಕು. ಒಂದು ತಪ್ಪಿದರೂ ಒಬ್ಬರಿಗೇ ಎರಡು ಸಂಖ್ಯೆ! ಯಾರೂ ಇನ್ನೂ ಒಯ್ಯದ ಹೊಸ ಪುಸ್ತಕಕ್ಕೆ ಇಲ್ಲಿ ಜಾಗವೇ ಇಲ್ಲ. ಒಬ್ಬ ಸದಸ್ಯರ ಏಕೈಕ ಎರವಲನ್ನು ಅಳಿಸಿದರೆ ಆ ಸದಸ್ಯರೇ ಮಾಯ.

ಈ ತೊಡಕುಗಳಿಗೆ ಶಾಸ್ತ್ರೀಯ ಪರಿಹಾರ ಕೊಟ್ಟವರು ಐಬಿಎಂನ ಗಣಿತಜ್ಞ ಎಡ್ಗರ್ ಕಾಡ್. 1970ರ ಲೇಖನದಲ್ಲಿ ಅವರು ಮಾಹಿತಿಯನ್ನು ಕೋಷ್ಟಕಗಳಾಗಿ ಜೋಡಿಸುವ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದರು. ಕೋಷ್ಟಕ ಒಡೆಯುವ ನಿಯಮಗಳಾದ ಎರಡನೆಯ, ಮೂರನೆಯ ನಾರ್ಮಲ್ ಫಾರ್ಮ್‌ಗಳು ಮರುವರ್ಷ ಬಂದವು. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿಯೂ ಸಂದಿತು.

ಮೊದಲ ನಿಯಮ ಸರಳ: ಒಂದು ಕೋಶಕ್ಕೆ ಒಂದೇ ಮೌಲ್ಯ. ನಮ್ಮ ದಾಖಲೆಯಲ್ಲಿ ಪ್ರತಿ ಸಾಲನ್ನೂ ಗುರುತಿಸುವ ಕೀಲಿ ಸದಸ್ಯ ಸಂಖ್ಯೆ, ಪುಸ್ತಕ ಸಂಖ್ಯೆ, ದಿನಾಂಕ ಮೂರೂ ಸೇರಿದ್ದು ಎನ್ನೋಣ. ಫೋನ್ ಸಂಖ್ಯೆ ಅದರಲ್ಲಿ ಸದಸ್ಯ ಸಂಖ್ಯೆಯನ್ನಷ್ಟೇ ಅವಲಂಬಿಸಿದೆ. ಹಾಗಾಗಿ ಎರಡನೆಯ ನಿಯಮ ಅದನ್ನು ಸದಸ್ಯರ ಕೋಷ್ಟಕಕ್ಕೆ ಕಳಿಸುತ್ತದೆ. ಪುಸ್ತಕದ ವಿವರಗಳಿಗೂ ಹೀಗೆಯೇ ಬೇರೆ ಮನೆ. ಅಲ್ಲಿಯೂ ಪ್ರಕಾಶಕರ ಊರು ಪುಸ್ತಕಕ್ಕೆ ಸೇರಿದ್ದಲ್ಲ, ಪ್ರಕಾಶಕರಿಗೆ ಸೇರಿದ್ದು. ಮೂರನೆಯ ನಿಯಮ ಅದನ್ನೂ ಬೇರ್ಪಡಿಸುತ್ತದೆ. ಎರವಲು ಕೋಷ್ಟಕದಲ್ಲಿ ಉಳಿಯುವುದು ಎರಡು ಸಂಖ್ಯೆ, ಒಂದು ದಿನಾಂಕ.

ಹಾಗೆಂದು ಕಂಡದ್ದನ್ನೆಲ್ಲ ಒಡೆಯಬೇಕಿಲ್ಲ. ಅಂಗಡಿಯ ಬಿಲ್ಲಿನಲ್ಲಿ ಮಾರಿದ ದಿನದ ಬೆಲೆ ಬಿಲ್ಲಿನ ಜೊತೆಗೇ ಇರಬೇಕು, ಇಲ್ಲವಾದರೆ ಇಂದಿನ ದರಪರಿಷ್ಕರಣೆ ಹಳೆಯ ಲೆಕ್ಕವನ್ನೂ ಕೆಡಿಸುತ್ತದೆ. ದೊಡ್ಡ ವರದಿಗಳ ವೇಗಕ್ಕಾಗಿ ಕೆಲವೊಮ್ಮೆ ಕೋಷ್ಟಕಗಳನ್ನು ಬೇಕೆಂದೇ ಮತ್ತೆ ಕೂಡಿಸುವುದೂ ಉಂಟು. ದಿನನಿತ್ಯದ ವ್ಯವಹಾರದ ತಂತ್ರಾಂಶಕ್ಕೆ ಸಾಮಾನ್ಯವಾಗಿ ಮೂರನೆಯ ನಿಯಮದವರೆಗೆ ಹೋದರೆ ಸಾಕು.