ಬೂದಿ ಮುಚ್ಚಿದ ಕೆಂಡ: ಹೇಳದೆ ಉಳಿದ ಭಾವನೆಗಳು ನಮಗೂ ನಮ್ಮ ಮನೆಗೂ ಏನು ಮಾಡುತ್ತವೆ?

ಪಲ್ಲಾವರಂನ ಮನೆಯಿಂದಲೇ ಮಾತಾಡ್ತಾ ಇದೀನಿ. ಮಧ್ಯೆ ಮಧ್ಯೆ ವಿಮಾನದ ಸದ್ದು ಬಂದರೆ ಬೇಜಾರು ಮಾಡ್ಕೋಬೇಡಿ, ಏರ್‌ಪೋರ್ಟ್ ಪಕ್ಕದಲ್ಲೇ ಇದೆ.

ಇವತ್ತಿನ ವಿಷಯ, ಆ ಹೊತ್ತಿಗೆ ಅನುಭವಿಸದೆ, ಯಾರಿಗೂ ಹೇಳದೆ, ಹಾಗೇ ಉಳಿದುಹೋದ ಭಾವನೆಗಳು. ಅವು ನಮ್ಮ ಮೈಗೆ, ಮನಸ್ಸಿಗೆ, ಜೊತೆಗಿರುವವರಿಗೆ ಏನು ಮಾಡುತ್ತವೆ? ನಾವೇನು ಮಾಡಬಹುದು?

ಎಲ್ಲದಕ್ಕೂ ಒಂದೇ ಪದ

ಇಲ್ಲಿಂದ ರೇಡಿಯಲ್ ರೋಡ್ ಹಿಡಿದು ತೊರೈಪಾಕ್ಕಂ ಕಡೆ ಕೆಲಸಕ್ಕೆ ಹೋಗುವ ನಮ್ಮ ಕನ್ನಡದವರನ್ನ ‘ಹೇಗಿದೀರಾ?’ ಅಂತ ಕೇಳಿ. ಉತ್ತರ ಎರಡೇ. ಒಂದು, ‘ಆರಾಮ್’. ಇನ್ನೊಂದು, ‘ಸ್ವಲ್ಪ ಟೆನ್ಶನ್’.

ಈ ಟೆನ್ಶನ್ ಅನ್ನೋ ಪದದೊಳಗೆ ಏನೇನೆಲ್ಲ ಇದೆ ನೋಡಿ. ಅಪ್ಪ ಅಮ್ಮನ್ನ ಊರಲ್ಲಿ ಬಿಟ್ಟು ಬಂದ ಕೊರಗು. ಜೊತೆಯವನಿಗೆ ಪ್ರಮೋಶನ್ ಸಿಕ್ಕಾಗ ಆದ ಹೊಟ್ಟೆಕಿಚ್ಚು. ಹೆಂಡತಿ ಮೇಲೋ ಗಂಡನ ಮೇಲೋ ಇರುವ ಮುನಿಸು. ಕೆಲಸ ಹೋದರೆ ಅನ್ನೋ ಅಳುಕು. ತಮಿಳು ಸರಿಯಾಗಿ ಬಾರದೆ ಅಂಗಡಿಯಲ್ಲಿ ಆಗುವ ಇರಿಸುಮುರಿಸು. ಇವು ಬೇರೆ ಬೇರೆ ಭಾವನೆಗಳು, ಒಂದೊಂದಕ್ಕೂ ಬೇಕಾದ ಮದ್ದು ಬೇರೆ. ಕೊರಗಿಗೆ ಊರಿಗೆ ಹೋಗಿ ಬರೋದು ಮದ್ದು. ಮುನಿಸಿಗೆ ಎದುರು ಕೂತು ಮಾತಾಡೋದು ಮದ್ದು. ಅಳುಕಿಗೆ ಉಳಿತಾಯದ ಲೆಕ್ಕ ಹಾಕಿ ನೋಡೋದೇ ಮದ್ದಾಗಬಹುದು. ಎಲ್ಲವನ್ನೂ ಟೆನ್ಶನ್ ಅಂದುಬಿಟ್ಟರೆ ಎಲ್ಲದಕ್ಕೂ ಒಂದೇ ಮದ್ದು: ಮೊಬೈಲ್, ಇಲ್ಲ ನಿದ್ದೆ.

ಇನ್ನೊಂದು ಕಾರಣವೂ ಇದೆ. ಆಫೀಸಿನಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ನಮಗೆ ಭಾವನೆ ಬರೋದು ಮಾತ್ರ ಕನ್ನಡದಲ್ಲಿ. ಆ ಕನ್ನಡವನ್ನ ದಿನಕ್ಕೆ ಹತ್ತು ನಿಮಿಷ ಬಳಸಿದರೆ ಹೆಚ್ಚು. ಅದೂ ಊರಿನ ಫೋನಿನಲ್ಲಿ, ‘ಊಟ ಆಯ್ತಾ? ಮಳೆ ಬಂತಾ? ಮಾತ್ರೆ ತಗೊಂಡ್ರಾ?’ ಅಷ್ಟರಲ್ಲೇ ಮುಗಿಯುತ್ತೆ.

ಒಳಗೆ ಏನಾಗುತ್ತೆ

ಭಾವನೆಯನ್ನ ಮುಖದಲ್ಲಿ ತೋರಿಸದಿದ್ದರೆ ಅದು ಹೋಗಿಬಿಡುತ್ತಾ? 1997ರಲ್ಲಿ ಅಮೆರಿಕದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಇದನ್ನೇ ಪರೀಕ್ಷೆ ಮಾಡಿದರು. ದುಃಖದ, ನಗುವಿನ ಸಿನಿಮಾ ತುಣುಕು ತೋರಿಸಿ, ಕೆಲವರಿಗೆ ‘ನಿಮ್ಮ ಭಾವನೆ ಮುಖದಲ್ಲಿ ಕಾಣದ ಹಾಗೆ ಇರಿ’ ಅಂದರು. ಅವರ ಮುಖ ಶಾಂತವಾಗೇ ಇತ್ತು. ಆದರೆ ಹೃದಯ, ರಕ್ತನಾಳಗಳ ಮೇಲಿನ ಒತ್ತಡ ಜಾಸ್ತಿಯಾಗಿತ್ತು.

2003ರಲ್ಲಿ ಎಮಿಲಿ ಬಟ್ಲರ್ ಮತ್ತು ಜೊತೆಗಾರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಪರಿಚಯವಿಲ್ಲದ ಇಬ್ಬರು ಹೆಂಗಸರು ಮನಸ್ಸಿಗೆ ನೋವಾಗುವ ಒಂದು ಚಿತ್ರ ನೋಡಿ ಅದರ ಬಗ್ಗೆ ಮಾತಾಡಬೇಕು. ಒಬ್ಬರಿಗೆ ಮಾತ್ರ, ಇನ್ನೊಬ್ಬರಿಗೆ ಗೊತ್ತಾಗದ ಹಾಗೆ, ಭಾವನೆ ತೋರಿಸಬೇಡಿ ಅಂತ ಹೇಳಿದ್ದರು. ಆಗ ಎದುರು ಕೂತವರ ರಕ್ತದೊತ್ತಡವೂ ಏರಿತು! ಅಂದರೆ ನಾನು ನುಂಗಿಕೊಂಡರೆ ನನ್ನ ಪಾಡು ನನಗೆ ಅನ್ನೋದು ನಿಜವಲ್ಲ. ಎದುರಿಗಿರುವವರ ಮೈಗೂ ಅದು ಗೊತ್ತಾಗುತ್ತೆ.

ಇದನ್ನ ನಮ್ಮ ಹಿರಿಯರು ಪರೀಕ್ಷೆ ಇಲ್ಲದೇ ಹೇಳಿದ್ದಾರೆ: ಬೂದಿ ಮುಚ್ಚಿದ ಕೆಂಡ. ಮೇಲೆ ತಣ್ಣಗಿದ್ದರೂ ಒಳಗೆ ಬಿಸಿ ಇರುತ್ತೆ. ಅದು ಹೊರಗೆ ಬರುವಾಗ ಸರಿಯಾದ ಜಾಗಕ್ಕೆ ಬರಲ್ಲ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಮ್ಯಾನೇಜರ್ ಮೇಲಿನ ಸಿಟ್ಟು ಮಗುವಿನ ಹೋಮ್‌ವರ್ಕ್ ಮೇಲೆ.

ಮುಗಿಯದ ಅಳು

ನಮ್ಮಂಥ ವಲಸೆಯವರಲ್ಲಿ ಹೀಗೆ ಉಳಿದುಹೋದ ಭಾವನೆಗಳ ಪೈಕಿ ದೊಡ್ಡದು ಅಂತ ನನಗೆ ಅನಿಸೋದು ಕೋವಿಡ್ ಕಾಲದ ದುಃಖ. ನೆನಪು ಮಾಡ್ಕೊಳ್ಳಿ. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್. ಅಂತ್ಯಕ್ರಿಯೆಗೆ 20 ಜನರಿಗಿಂತ ಹೆಚ್ಚು ಸೇರುವಂತಿಲ್ಲ. ಗಡಿ ದಾಟೋಕೆ ಇ-ಪಾಸ್. ಜೂನ್ 19ರಿಂದ 30ರ ತನಕ ಚೆನ್ನೈ ಮತ್ತು ಸುತ್ತಮುತ್ತ ಮತ್ತೆ ಬಿಗಿ ಲಾಕ್‌ಡೌನ್, ನಮ್ಮ ಪಲ್ಲಾವರಂ ಕೂಡ ಅದರೊಳಗೆ.

ಆ ಜೂನ್‌ನಲ್ಲೇ ಅರಸೀಕೆರೆ ಹತ್ತಿರದ ಊರಲ್ಲಿ ನನ್ನ ಸೋದರಮಾವ ತೀರಿಕೊಂಡರು. ಫೋನಿನಲ್ಲಿ ನೋಡಿದೆ, ನೆಟ್‌ವರ್ಕ್ ಇದ್ದಷ್ಟು ಹೊತ್ತು. ಮಾರನೇ ದಿನ ಬೆಳಗ್ಗೆ ಮೀಟಿಂಗ್ ಇತ್ತು, ಕೂತೆ. ಊರಿಗೆ ಹೋಗೋಕೆ ಆಗಿದ್ದು ಡಿಸೆಂಬರ್‌ನಲ್ಲಿ. ಅಷ್ಟೊತ್ತಿಗೆ ಅಲ್ಲಿ ಎಲ್ಲರ ಅಳು ಮುಗಿದಿತ್ತು, ನಂದು ಶುರುವೇ ಆಗಿರಲಿಲ್ಲ.

ಸಾವಿನ ಮನೆಯಲ್ಲಿ ಏನು ನಡೆಯುತ್ತೆ ಅಂತ ಯೋಚನೆ ಮಾಡಿ. ಹನ್ನೊಂದೋ ಹದಿಮೂರೋ ದಿನ ಜನ ಬರ್ತಾನೇ ಇರ್ತಾರೆ. ಬಂದವರೆಲ್ಲ ‘ಹೆಂಗಾಯ್ತವ್ವ?’ ಅಂತ ಕೇಳ್ತಾರೆ. ಮನೆಯವರು ಅದೇ ಕಥೆಯನ್ನ ಐವತ್ತು ಸಲ ಹೇಳ್ತಾರೆ. ಮೊದಲ ಸಲ ಮಾತೇ ಹೊರಡಲ್ಲ. ಐವತ್ತನೇ ಸಲಕ್ಕೆ ಅದು ‘ಆಗಿಹೋದ’ ಘಟನೆಯಾಗಿರುತ್ತೆ. ಅಲ್ಲಿ ಇಲ್ಲದವರಿಗೆ ಆ ಐವತ್ತು ಸಲ ಸಿಗಲ್ಲ. ಹಾಗಾಗಿ ಅವರಿಗೆ ಅದು ಇನ್ನೂ ಆಗ್ತಾನೇ ಇರುತ್ತೆ.

ನನಗೆ ಹಗುರವಾಗಿದ್ದು ಅತ್ತೆಯಿಂದ. ‘ಅತ್ತೆ, ಮೊದಲಿಂದ ಹೇಳಿ, ಅವತ್ತು ಏನಾಯ್ತು’ ಅಂತ ಕೇಳಿದೆ. ಅವರೆಕಾಯಿ ಸುಲಿಯುತ್ತಾ ಎರಡು ಗಂಟೆ ಹೇಳಿದರು. ನಾನು ಅತ್ತೆ, ಅವರೂ ಅತ್ತರು. ನೀವು ಹೀಗೆ ಯಾರನ್ನಾದರೂ ಕಳೆದುಕೊಂಡಿದ್ದರೆ, ಇಷ್ಟು ವರ್ಷ ಆಯ್ತಲ್ಲ ಅಂತ ಬಿಡಬೇಡಿ. ಈಗಲೂ ಕೇಳಬಹುದು.

ಉಂಡು ಮಲಗುವ ತನಕ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ. ಇದರಲ್ಲಿ ಒಂದು ಷರತ್ತು ಅಡಗಿದೆ: ಇಬ್ಬರೂ ಒಟ್ಟಿಗೆ ಉಣ್ಣಬೇಕು, ಒಂದೇ ಹೊತ್ತಿಗೆ ಮಲಗಬೇಕು. ಒಬ್ಬರಿಗೆ ಅಮೆರಿಕದ ಶಿಫ್ಟ್, ಇನ್ನೊಬ್ಬರಿಗೆ ಬೆಳಗ್ಗೆ ಕ್ಯಾಬ್ ಇರುವ ಮನೆಯಲ್ಲಿ ಆ ಷರತ್ತು ಪೂರೈಸೋದೇ ಇಲ್ಲ. ‘ಏನಾಯ್ತು?’ ‘ಏನಿಲ್ಲ ಬಿಡು.’ ಆ ‘ಏನಿಲ್ಲ’ ವಾರಗಟ್ಟಲೆ ಮನೆಯಲ್ಲಿ ಓಡಾಡ್ತಾ ಇರುತ್ತೆ. ಕೊನೆಗೆ ಗ್ಯಾಸ್ ಸಿಲಿಂಡರ್ ಬುಕ್ ಮಾಡಲಿಲ್ಲ ಅಂತ ಜಗಳ. ಜಗಳದ ವಿಷಯ ಸಿಲಿಂಡರ್ ಅಲ್ಲ ಅಂತ ಇಬ್ಬರಿಗೂ ಗೊತ್ತು.

ಹಾಗಾದರೆ ಏನು ಮಾಡೋದು?

ಮೊದಲು, ಹೆಸರಿಡಿ. ಟೆನ್ಶನ್ ಅನ್ನಬೇಡಿ. ಕಸಿವಿಸಿಯಾ, ಹಳಹಳಿಯಾ, ಸೆಡವಾ, ಅಳುಕಾ? 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಸಿಟ್ಟಿನ, ಹೆದರಿದ ಮುಖಗಳನ್ನ ನೋಡುತ್ತಾ ಆ ಭಾವನೆಗೆ ಪದ ಹುಡುಕಿದವರಲ್ಲಿ ಅಮಿಗ್ಡಲ ಅನ್ನೋ ಭಾಗದ ಚಟುವಟಿಕೆ ಕಡಿಮೆಯಾಗಿತ್ತು.

ಎರಡನೇದು, ಬರೆಯಿರಿ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಸಿದರು. ನಡೆದ ನೋವನ್ನೂ ಅದರ ಭಾವನೆಯನ್ನೂ ಬರೆದವರಿಗೆ ಆ ದಿನ ಮನಸ್ಸು ಭಾರವಾಗಿತ್ತು. ಮುಂದಿನ ತಿಂಗಳುಗಳಲ್ಲಿ ಮಾತ್ರ ಅವರು ಕಾಯಿಲೆ ಅಂತ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಆಮೇಲಿನ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದರೆ ಲಾಭ ಸಣ್ಣದೇ. ಆದರೆ ಖರ್ಚಿಲ್ಲ. ಬರೆದದ್ದನ್ನ ಹರಿದುಹಾಕಬಹುದು. ಬರೆದಷ್ಟೂ ಸಂಕಟ ಹೆಚ್ಚಾಗ್ತಿದ್ದರೆ ನಿಲ್ಲಿಸಿ.

ಮೂರನೇದು, ಹೇಳಿ. ಆದರೆ ಹೇಳೋದು ಬೇರೆ, ಕಾರೋದು ಬೇರೆ. ಕಿರುಚಿದರೆ, ಏನನ್ನಾದರೂ ಗುದ್ದಿದರೆ ಸಿಟ್ಟು ಇಳಿಯುತ್ತೆ ಅನ್ನೋದು ಸುಳ್ಳು. ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ತರಿಸಿದವರನ್ನ ನೆನೆಸಿಕೊಂಡು ಚೀಲ ಗುದ್ದಿದವರಿಗೆ ಸಿಟ್ಟು ಹೆಚ್ಚೇ ಆಗಿತ್ತು. ‘ನೀನು ಯಾವಾಗ್ಲೂ ಹಿಂಗೇ’ ಅನ್ನೋ ಬದಲು ‘ಅವತ್ತು ನಮ್ಮಮ್ಮ ಬಂದಾಗ ನೀನು ಮಾತಾಡ್ಸಲಿಲ್ಲ, ನಂಗೆ ಅವಮಾನ ಆಯ್ತು’ ಅನ್ನಿ. ಒಂದು ದಿನ, ಒಂದು ಘಟನೆ, ಒಂದು ಭಾವನೆ. ಕೇಳೋರಿಗೂ ಮೊದಲೇ ಹೇಳಿ: ‘ಪರಿಹಾರ ಬೇಡ, ಕೇಳಿಸ್ಕೋ ಸಾಕು.’ ನಮ್ಮ ಕೆಲಸದಲ್ಲಿ ಟಿಕೆಟ್ ಬಂದ ತಕ್ಷಣ ಫಿಕ್ಸ್ ಮಾಡೋದು ಅಭ್ಯಾಸ, ಮನೆಯಲ್ಲಿ ಅದು ಕೆಲಸಕ್ಕೆ ಬರಲ್ಲ.

ಒಂದು ಎಚ್ಚರಿಕೆ. ಎಲ್ಲವನ್ನೂ ಸಂಬಂಧಪಟ್ಟವರಿಗೇ ಹೇಳಬೇಕು ಅಂತಿಲ್ಲ. ಅವರು ತೀರಿಹೋಗಿರಬಹುದು, ಇಲ್ಲವೇ ಹೇಳಿದರೆ ನಿಮಗೇ ಅಪಾಯ ಇರಬಹುದು. ಆಗ ಬೇರೆ ನಂಬಿಕಸ್ತರಿಗೆ ಹೇಳಿ. ಭಾವನೆ ಇತ್ಯರ್ಥ ಆಗೋದು ಅಂದರೆ ಕ್ಷಮಿಸಲೇಬೇಕು ಅಂತಲೂ ಅಲ್ಲ.

ನಾಲ್ಕನೇದು, ಸಹಾಯ ಕೇಳಿ. ಸಾವಾಗಿ ಆರು ತಿಂಗಳು ದಾಟಿದರೂ ದಿನದ ಕೆಲಸ ಮಾಡೋಕೇ ಆಗದಷ್ಟು ದುಃಖ ಮುಂದುವರಿದಿದ್ದರೆ ಅದನ್ನ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಪಟ್ಟಿ ಚಿಕಿತ್ಸೆ ಬೇಕಾದ ಸ್ಥಿತಿ ಅಂತಲೇ ಗುರುತಿಸುತ್ತೆ. ಅದು ದೌರ್ಬಲ್ಯವಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಇದೆ, ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ನಂಬರ್ 14416. ಉಚಿತ, ದಿನದ 24 ಗಂಟೆ, ಭಾಷೆಗಳಲ್ಲಿ ಕನ್ನಡವೂ ಇದೆ. ಬದುಕೇ ಬೇಡ ಅನ್ನೋ ಯೋಚನೆ ಬರ್ತಾ ಇದ್ದರೆ ನಾಳೆ ಅನ್ನಬೇಡಿ, ಈಗಲೇ ಮಾಡಿ.

ಈ ವಾರಕ್ಕೆ ಒಂದೇ ಕೆಲಸ ಕೊಡ್ತೀನಿ. ಊರಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಆದಮೇಲೆ ಇನ್ನೊಂದು ಪ್ರಶ್ನೆ ಕೇಳಿ: ‘ಮನಸ್ಸಿಗೆ ಹೇಗಿದೆ ಅಮ್ಮ?’ ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿರಬಹುದು. ನೀವೂ ಸುಮ್ಮನೆ ಕಾಯಿರಿ, ಕಾಲ್ ಕಟ್ ಮಾಡಬೇಡಿ.