ಪ್ಯಾನೆಲ್‌ಗೆ ಬೆಳಕು ಬೇಕು, ಕಾವು ಬೇಡ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ತಾಪಮಾನ 42 ಡಿಗ್ರಿ ದಾಟುವುದು ಹೊಸತೇನಲ್ಲ. ಇಂಥ ಊರಿನ ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಭರ್ಜರಿಯಾಗಿ ಕರೆಂಟು ಕೊಡಬೇಕಲ್ಲವೇ? ಕೊಡುತ್ತದೆ, ಆದರೆ ಹೇಳಿದಷ್ಟಲ್ಲ. ಪ್ಯಾನೆಲ್ಲಿನ ಹಿಂಬದಿ ಬರೆದಿರುವ ವ್ಯಾಟ್ ಲೆಕ್ಕ ಸಿಲಿಕಾನ್ ಕೋಶ 25 ಡಿಗ್ರಿಯಲ್ಲಿದ್ದಾಗಿನದು. ಕೋಶ ಕಾದಂತೆ ವೋಲ್ಟೇಜ್ ಇಳಿಯುತ್ತದೆ. ಪ್ರತಿ ಡಿಗ್ರಿಗೆ ಉತ್ಪಾದನೆ ಸುಮಾರು ಶೇ 0.35ರಿಂದ 0.4ರಷ್ಟು ಕುಗ್ಗುತ್ತದೆ. ನಡುಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ ನೂರು ವ್ಯಾಟ್ ಬರಬೇಕಾದಲ್ಲಿ 85ರ ಆಸುಪಾಸು ಬರುತ್ತದೆ. ಇಷ್ಟಾದರೂ ಒಂದು ಕಿಲೋವ್ಯಾಟ್ ಪ್ಯಾನೆಲ್‌ನಿಂದ ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ.

ತೊಡಕಿರುವುದು ಹೊತ್ತು ಮುಳುಗಿದ ಮೇಲೆ. ಬಿಸಿಲು ಹೋದರೂ ಸೆಕೆ ಹೋಗುವುದಿಲ್ಲ. ಹಳೆಯ ಮಾದರಿಯ 75 ವ್ಯಾಟ್ ಫ್ಯಾನು ರಾತ್ರಿ ಹತ್ತು ತಾಸು ತಿರುಗಿದರೆ ಮುಕ್ಕಾಲು ಯೂನಿಟ್. ಅದಷ್ಟೂ ರಾಯಚೂರಿನ ಶಕ್ತಿನಗರದಂಥ ಶಾಖೋತ್ಪನ್ನ ಸ್ಥಾವರದಿಂದ ಬಂತೆನ್ನಿ. ಒಂದು ಫ್ಯಾನಿನ ಒಂದು ರಾತ್ರಿಗೆ ಸುಮಾರು ಅರ್ಧ ಕಿಲೋ ಕಲ್ಲಿದ್ದಲು ಉರಿಯಬೇಕು. ಮುಕ್ಕಾಲು ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ, ಹಿಡಿಗಟ್ಟಲೆ ಬೂದಿ ಉಳಿಯುತ್ತದೆ. ಬೂದಿ ಸಿಮೆಂಟಿಗಾದರೂ ಬೆರೆಯುತ್ತದೆ, ಹೊಗೆಗೆ ಗಿರಾಕಿಯಿಲ್ಲ.

ಉಳಿದವೂ ನಿಷ್ಕಳಂಕವಲ್ಲ. 1,035 ಮೆಗಾವ್ಯಾಟ್‌ನ ಶರಾವತಿ ಕೇಳಿದ ಕೆಲವೇ ನಿಮಿಷಗಳಲ್ಲಿ ಕರೆಂಟು ಕೊಡುತ್ತದೆ, ಆದರೆ ಊರು ಕಾಡುಗಳನ್ನು ಮುಳುಗಿಸಿದೆ. ಮಳೆ ಕೈಕೊಟ್ಟರೆ ಸೊರಗುತ್ತದೆ. ಕೈಗಾದ ಅಣುಸ್ಥಾವರ ಹಗಲುರಾತ್ರಿ ದುಡಿಯುತ್ತದೆ, ಉಳಿಸುವ ತ್ಯಾಜ್ಯವನ್ನು ಸಾವಿರಾರು ವರ್ಷ ಕಾಯಬೇಕು. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ಗೆ ಸುಮಾರು 13,000 ಎಕರೆ ಬೇಕಾಯಿತು. ನಮ್ಮ ತೊಗರಿ ಕಟ್ಟಿಗೆಯೇನೋ ಹೊಲದಲ್ಲಿ ಪುಕ್ಕಟೆ. ಒಲೆಯ ಹೊಗೆ ಮಾತ್ರ ಅಡುಗೆ ಮಾಡುವವರ ಪುಪ್ಪುಸಕ್ಕೆ.

ಹಾಗಾಗಿ ಯಾವುದು ಒಳ್ಳೆಯದು ಎಂಬುದಕ್ಕಿಂತ ಯಾವ ಕೆಲಸಕ್ಕೆ ಯಾವುದು ಎಂದು ಕೇಳಬೇಕು. ಹುಮನಾಬಾದ್ ರಸ್ತೆಯ ಕಮಲಾಪುರಕ್ಕೆ ಹೋಗಿ ನೋಡಿ. ಅಲ್ಲಿನ ಹೆಸರಾಂತ ಕೆಂಪು ಬಾಳೆ ಕೈಗೆ ಬರಲು ಒಂದೂವರೆ ವರ್ಷವೇ ಹಿಡಿಯುತ್ತದೆ. ಅಷ್ಟೂ ಕಾಲ ನೀರು ಬೇಕು. ಆದರೆ ನೀರೆತ್ತುವ ಕೆಲಸಕ್ಕೆ ರಾತ್ರಿಯ ಹಂಗಿಲ್ಲ. ಹಗಲಲ್ಲಿ ಸೋಲಾರ್ ಪಂಪ್ ಓಡಿಸಿ ತೊಟ್ಟಿ ತುಂಬಿಸಿಕೊಂಡರೆ ಬ್ಯಾಟರಿಯ ಖರ್ಚೇ ಇಲ್ಲ. ಅಪಾಯ ಬೇರೆಡೆ ಇದೆ: ಕರೆಂಟು ಪುಕ್ಕಟೆಯಾದರೆ ಬೋರ್‌ವೆಲ್ ಬತ್ತುವವರೆಗೂ ಎತ್ತುವ ಆಸೆ. ಆದ್ದರಿಂದ ಸೋಲಾರ್ ಪಂಪಿನ ಜೊತೆ ಹನಿ ನೀರಾವರಿ ಇರಲೇಬೇಕು.

ಊರಿನ ಮನೆಗಳಿಗೂ ಒಂದೆರಡು ಮಾತು. ಪ್ಯಾನೆಲ್ ಹಾಕಿಸುವ ಮುನ್ನ ಫ್ಯಾನು ಬದಲಿಸಿ. ಬಿಎಲ್‌ಡಿಸಿ ಫ್ಯಾನು 30 ವ್ಯಾಟ್‌ನ ಆಸುಪಾಸಿನಲ್ಲೇ ಅಷ್ಟು ಗಾಳಿ ಕೊಡುತ್ತದೆ. ಪ್ಯಾನೆಲ್ಲನ್ನು ಮಾಳಿಗೆಗೆ ಅಂಟಿಸದೆ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಿಸಿ. ಬ್ಯಾಟರಿಯಿಲ್ಲದ ಆನ್‌ಗ್ರಿಡ್ ವ್ಯವಸ್ಥೆ ಲೈನಿನ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ, ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲೆಂದು. ಇದನ್ನು ತಿಳಿದೇ ಹಣ ಹಾಕಿ. ಎಲ್ಲಕ್ಕಿಂತ ಅಗ್ಗದ, ಹೊಗೆಯಿಲ್ಲದ ಯೂನಿಟ್ ಎಂದರೆ ನಾವು ಬಳಸದೆ ಉಳಿಸಿದ್ದು.