ನಾಯಿ ಇದ್ದ ಮನೆಗೆ ಹಾವು ಬರುವುದಿಲ್ಲವೇ?

ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಹಾವು ಹೊಸ್ತಿಲ ಹತ್ತಿರವೂ ಸುಳಿಯುವುದಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಇದು ಸುಳ್ಳು. ಹಾವು ಬರುವುದು ಇಲಿಯ ಜಾಡು ಹಿಡಿದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಇಲಿಗೆ ಯಾವ ಕೊರತೆ? ರಾಶಿ ಮುಗಿದ ಮೇಲೆ ಮನೆಯ ಮಗ್ಗುಲಿಗೇ ಒಟ್ಟಿದ ತೊಗರಿ ಕಟ್ಟಿಗೆ, ಜೋಳದ ಕಣಿಕೆಯ ಬಣವಿ, ಬೇಸಿಗೆಯಲ್ಲಿ ಬಾಯಿ ಬಿಟ್ಟ ಎರೆಹೊಲ, ಭೀಮಾ ನದಿ ದಂಡೆಯ ಕಬ್ಬು ಎಲ್ಲವೂ ಅದಕ್ಕೆ ಆಸರೆಯೇ. ರಾತ್ರಿ ನಾಯಿ ತಿಂದು ಬಿಟ್ಟ ಅರ್ಧ ರೊಟ್ಟಿ ಅಂಗಳದಲ್ಲೇ ಉಳಿದರೆ ಇಲಿ ಬರುತ್ತದೆ, ಅದರ ಹಿಂದೆಯೇ ಹಾವು. ನಾಯಿ ಬೊಗಳಿ ಎಚ್ಚರಿಸುತ್ತದೆ ನಿಜ. ಆದರೆ ಹಾವಿನ ಮೇಲೆರಗಿ ಮೂತಿಗೋ ಮುಂಗಾಲಿಗೋ ಕಚ್ಚಿಸಿಕೊಳ್ಳುವುದೂ ಅದೇ.

ಬೆಕ್ಕಿಗೆ ವಿಷ ಏರುವುದಿಲ್ಲ ಎನ್ನುವುದರಲ್ಲಿ ಕಾಳಿನಷ್ಟು ಸತ್ಯವಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2020ರಲ್ಲಿ ಬೆಕ್ಕು ನಾಯಿಗಿಂತ ಹೆಚ್ಚಾಗಿ ಬದುಕುವುದರ ಕಾರಣ ಹುಡುಕಿದರು. ಅಲ್ಲಿನ ಕಂದು ಹಾವು ಕಚ್ಚಿ ಔಷಧ ಸಿಗದಿದ್ದರೆ ನೂರಕ್ಕೆ 66 ಬೆಕ್ಕುಗಳು ಬದುಕುತ್ತವೆ, ನಾಯಿಗಳಾದರೆ 31 ಮಾತ್ರ. ಆ ವಿಷ ನಾಯಿಯ ರಕ್ತದ ಮೇಲೆ ಬಲು ಬೇಗ ಕೆಲಸ ಮಾಡುತ್ತದೆ. ಆದರೂ ಮೂರರಲ್ಲಿ ಒಂದು ಬೆಕ್ಕು ಸಾಯುತ್ತದೆ ಎಂಬುದನ್ನು ಮರೆಯಬಾರದು.

ನನಗೆ ಹೆಚ್ಚು ಸಂಕಟ ತರುವುದು ಎರಡು ತಲೆ ಹಾವಿನ ಸುದ್ದಿ. ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ, ವಿಷವಿಲ್ಲ, ನಾಯಿ ಬೆಕ್ಕಿನ ಜೊತೆ ಹೊಂದಿಕೊಂಡಿರುತ್ತದೆ ಎಂದು ನಂಬಿಸಿ ಮಾರುವವರಿದ್ದಾರೆ. ಅದಕ್ಕೆ ಎರಡು ತಲೆ ಇಲ್ಲ; ಮೊಂಡು ಬಾಲವೇ ತಲೆಯಂತೆ ಕಾಣುತ್ತದೆ. ವಿಷವಿಲ್ಲ ಎಂಬುದೊಂದು ಮಾತ್ರ ನಿಜ. ಮಣ್ಣಿನಲ್ಲಿ ಹುದುಗಿ ಇಲಿ ತಿಂದು ಬದುಕುವ ಈ ಬಡಪಾಯಿ ರೈತನ ಪರವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ನಾಗರ, ಕೇರೆಗಳಿಗೂ ಇದೇ ಕಾಯ್ದೆಯ ರಕ್ಷಣೆಯಿದೆ. ಪಟ್ಟಣಗಳಲ್ಲಿ ಕೆಲವರು ಸಾಕುವ ಬಾಲ್ ಪೈಥಾನ್‌ನಂಥ ವಿದೇಶಿ ಹಾವಿಗೂ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಬೇಕು. ಅಂಥ ಮನೆಯಲ್ಲೂ ‘ಹೊಂದಾಣಿಕೆ’ ಎಂಬುದಿಲ್ಲ: ಹಾವಿಗೆ ಬೀಗವಿರುವ ಪೆಟ್ಟಿಗೆ, ಬೇರೆಯೇ ಕೋಣೆ, ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆತ. ಹಾವಿನ ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಬೆಕ್ಕಿನ ಹಲ್ಲಿನ ಒಂದು ಸಣ್ಣ ಗಾಯವೂ ಕೀವು ಕಟ್ಟಿ ಹಾವನ್ನು ಕೊಲ್ಲಬಲ್ಲದು.



ಇನ್ನು ನಾಯಿಗೆ ಹಾವು ಕಚ್ಚಿದರೆ ಬೇವಿನ ಸೊಪ್ಪು, ಮೆಣಸಿನಕಾಯಿ ತಿನ್ನಿಸಿ ವಿಷ ಏರಿದೆಯೇ ಎಂದು ಪರೀಕ್ಷೆ ಮಾಡುತ್ತ ಕೂರುವವರು ಅಮೂಲ್ಯ ಹೊತ್ತನ್ನು ಕಳೆಯುತ್ತಾರೆ. ಗಾಯ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ನಡೆಸಬೇಡಿ. ಎತ್ತಿಕೊಂಡೇ ಪಶು ಆಸ್ಪತ್ರೆಗೆ ಹೋಗಿ. ಮೂತಿ ಬಾತು ರಕ್ತ ಸೋರಿದರೆ ಮಂಡಲದ ಹಾವಿನ ಅನುಮಾನ. ರೆಪ್ಪೆ ಜೋತು ಕಾಲು ತಡವರಿಸಿದರೆ ನಾಗರ ಇಲ್ಲವೇ ಕಟ್ಟುಹಾವಿನದು. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿ ಬೆಕ್ಕಿಗೂ ಮದ್ದು. ನಾಯಿ ಚಿಕ್ಕದೆಂದು ಅದರ ಪ್ರಮಾಣ ಕಡಿಮೆ ಮಾಡುವಂತಿಲ್ಲ, ಏಕೆಂದರೆ ಎದುರಿಸಬೇಕಾದದ್ದು ಮೈಗೆ ಸೇರಿದ ವಿಷವನ್ನು. ಎಲ್ಲ ಪಶು ಆಸ್ಪತ್ರೆಗಳಲ್ಲೂ ಅದು ದಾಸ್ತಾನು ಇರುವುದಿಲ್ಲ, ಹೊರಡುವ ಮೊದಲೇ ಫೋನ್ ಮಾಡಿ ಕೇಳಿ. ಹಾವು ಇನ್ನೂ ಅಂಗಳದಲ್ಲೇ ಇದ್ದರೆ ಕೋಲು ಹಿಡಿಯಬೇಡಿ. ಉಳಿದ ನಾಯಿ ಬೆಕ್ಕುಗಳನ್ನು ಒಳಗೆ ಕೂಡಿ, ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.